ಫೋಟೊ ಕುಗ್ಗಲಿ, ಚುಕ್ಕಿ ಕಳೆಯದಿರಲಿ: ಹಳೆಯ ದಾಖಲೆಗಳು ಮತ್ತು ಚಿತ್ರದ ಫೈಲುಗಳು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ. ಕಲಬುರಗಿ ಜಿಲ್ಲೆಯ ಈ ಐದು ಊರುಗಳು ಕರಾವಳಿಯಿಂದ ಬಹು ದೂರ. ಆದರೂ ನಮ್ಮಲ್ಲಿ ಕೆಲವು ಕುಟುಂಬಗಳಿಗೆ ಇವು ಪರವೂರುಗಳಲ್ಲ. ರೈಲ್ವೆ ಕೆಲಸಕ್ಕೆಂದು ವಾಡಿ ಜಂಕ್ಷನ್‌ಗೆ, ದುಡಿಮೆಗೆಂದು ಸಿಮೆಂಟ್ ಕಾರ್ಖಾನೆಗಳಿಗೆ, ಸೇವೆಗೆಂದು ಶಾಲೆ, ಚಿಕಿತ್ಸಾಲಯಗಳಿಗೆ ಹೋದವರಿದ್ದಾರೆ. 2005ರಲ್ಲಿ ಗುಲ್ಬರ್ಗ ಧರ್ಮಪ್ರಾಂತ್ಯ ಪ್ರತ್ಯೇಕವಾಗಿ ಸ್ಥಾಪನೆಯಾದ ಮೇಲೆ ಆ ಭಾಗದ ಹೆಸರು ನಮ್ಮ ಕಿವಿಗೆ ಇನ್ನಷ್ಟು ಪರಿಚಿತವಾಯಿತು.

ಅಲ್ಲಿ ಹುಟ್ಟಿ ಈಗ ಬೇರೆ ಕಡೆ ನೆಲೆಸಿದವರಿಗೆ ಆಗಾಗ ಹಳೆಯ ಕಾಗದಗಳು ಬೇಕಾಗುತ್ತವೆ. ಮದುವೆಗೆ ದೀಕ್ಷಾಸ್ನಾನದ ಪತ್ರ, ಜಮೀನಿಗೆ ಹಳೆಯ ಪಹಣಿ, ಶಾಲೆಯ ವರ್ಗಾವಣೆ ಪತ್ರ ಬೇಕು. ಕಲ್ಯಾಣ ಕರ್ನಾಟಕದ ಜನರಿಗೆ ಸಂವಿಧಾನದ 371(ಜೆ) ವಿಧಿಯಡಿ ಶಿಕ್ಷಣ ಮತ್ತು ಸರಕಾರಿ ನೌಕರಿಯಲ್ಲಿ ಸಿಗುವ ಮೀಸಲಾತಿಗೂ ತಾನು ಅಲ್ಲಿಯವನೆಂದು ತೋರಿಸುವ ದಾಖಲೆ ಬೇಕು. ಹಿಂದೆ ಇದಕ್ಕಾಗಿ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಹೋಗಬೇಕಿತ್ತು. ಈಗ ಯಾರಾದರೂ ಪುಟದ ಫೋಟೊ ತೆಗೆದು ಮೊಬೈಲಿನಲ್ಲಿ ಕಳುಹಿಸಿಬಿಡುತ್ತಾರೆ. ಅದು ದೊಡ್ಡ ಉಪಕಾರವೇ ಸರಿ. ಆದರೆ ಹೀಗೆ ಬಂದ ಫೋಟೊದಲ್ಲಿ ತಂದೆಯ ಹೆಸರು ಮಸುಕಾಗಿದ್ದರೆ, ಇಸವಿಯ ಒಂದು ಅಂಕಿ ಆರೋ ಎಂಟೋ ತಿಳಿಯದಿದ್ದರೆ ಏನು ಪ್ರಯೋಜನ? ಪುಸ್ತಕದಲ್ಲಿ ಸ್ಪಷ್ಟವಾಗಿಯೇ ಇದ್ದ ಅಕ್ಷರ ಫೋಟೊದಲ್ಲಿ ಎಲ್ಲಿ ಹೋಯಿತು?

ಹೆಚ್ಚಿನ ಸಂದರ್ಭಗಳಲ್ಲಿ ತಪ್ಪು ಕ್ಯಾಮರಾದ್ದಲ್ಲ, ಫೋಟೊವನ್ನು ಕುಗ್ಗಿಸಿದ ಕ್ರಮದ್ದು. ಜೆಪೆಗ್, ಪಿಎನ್‌ಜಿ, ಟಿಫ್ ಎಂಬ ಹೆಸರುಗಳನ್ನು ನಾವು ದಿನವೂ ನೋಡುತ್ತೇವೆ, ಆದರೆ ಅವುಗಳ ನಡುವಿನ ವ್ಯತ್ಯಾಸವನ್ನು ಗಮನಿಸುವುದಿಲ್ಲ. ಧರ್ಮಕೇಂದ್ರದ ಕಚೇರಿಯಲ್ಲಿ ಕೆಲಸ ಮಾಡುವವರು, ವಾಳೆಯ ಗುರಿಕಾರರು, ಯುವಜನರು ಇದನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನ ಪೀಳಿಗೆಗೆ ಅನುಕೂಲವಾಗುತ್ತದೆ.

ಚಿತ್ರವೆಂದರೆ ಅಂಕಿಗಳ ರಾಶಿ

ಡಿಜಿಟಲ್ ಚಿತ್ರವೆಂಬುದು ಚಿಕ್ಕ ಚಿಕ್ಕ ಬಣ್ಣದ ಚುಕ್ಕಿಗಳನ್ನು ಸಾಲಾಗಿ ಜೋಡಿಸಿದ ಹಾಳೆ. ಒಂದೊಂದು ಚುಕ್ಕಿಗೂ ಪಿಕ್ಸೆಲ್ ಎಂದು ಹೆಸರು. ಒಂದು ಪಿಕ್ಸೆಲ್‌ನ ಬಣ್ಣ ಹೇಳಲು ಮೂರು ಅಂಕಿಗಳು ಬೇಕು: ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು. ಒಂದೊಂದು ಅಂಕಿಗೂ ಒಂದು ಬೈಟ್ ಜಾಗ ಬೇಕಾಗುತ್ತದೆ.

ಲೆಕ್ಕ ಹಾಕಿ ನೋಡೋಣ. 12 ಮೆಗಾಪಿಕ್ಸೆಲ್ ಮೊಬೈಲ್ ಕ್ಯಾಮರಾ ತೆಗೆಯುವ ಚಿತ್ರದಲ್ಲಿ ಅಡ್ಡಕ್ಕೆ 4000, ಉದ್ದಕ್ಕೆ 3000, ಒಟ್ಟು 1 ಕೋಟಿ 20 ಲಕ್ಷ ಪಿಕ್ಸೆಲ್‌ಗಳಿರುತ್ತವೆ. ಮೂರರಿಂದ ಗುಣಿಸಿದರೆ 3 ಕೋಟಿ 60 ಲಕ್ಷ ಬೈಟ್, ಅಂದರೆ ಸುಮಾರು 36 ಎಂಬಿ. ಆದರೆ ಮೊಬೈಲಿನಲ್ಲಿ ಆ ಫೋಟೊದ ಗಾತ್ರ ನೋಡಿದರೆ ಮೂರೋ ನಾಲ್ಕೋ ಎಂಬಿ ಇರುತ್ತದೆ. ಉಳಿದ ಮೂವತ್ತಕ್ಕೂ ಹೆಚ್ಚು ಎಂಬಿ ಏನಾಯಿತು? ಅದನ್ನು ಕುಗ್ಗಿಸುವ ಕೆಲಸ ಮೊಬೈಲಿನೊಳಗೇ, ನಮಗೆ ಕಾಣದಂತೆ ನಡೆದಿರುತ್ತದೆ.

ಕುಗ್ಗಿಸಲು ಎರಡು ದಾರಿ

ಮೊದಲನೆಯ ದಾರಿಯಲ್ಲಿ ಏನೂ ನಷ್ಟವಿಲ್ಲ. ಎಪಿಎಂಸಿಯಲ್ಲಿ ನಲ್ವತ್ತು ಚೀಲ ತೊಗರಿ ಬಂದರೆ ಗುಮಾಸ್ತರು ‘ತೊಗರಿ, ತೊಗರಿ, ತೊಗರಿ’ ಎಂದು ನಲ್ವತ್ತು ಸಲ ಬರೆಯುವುದಿಲ್ಲ. ‘ತೊಗರಿ 40 ಚೀಲ’ ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಬರವಣಿಗೆ ಕಡಿಮೆಯಾಯಿತು, ಆದರೆ ಒಂದು ಚೀಲವೂ ಲೆಕ್ಕ ತಪ್ಪಲಿಲ್ಲ. ಅದೇ ರೀತಿ, ಬಿಳಿ ಹಾಳೆಯಲ್ಲಿ ಮುನ್ನೂರು ಬಿಳಿ ಚುಕ್ಕಿಗಳು ಸಾಲಾಗಿದ್ದರೆ ‘ಬಿಳಿ 300’ ಎಂದು ಬರೆದಿಟ್ಟರೆ ಸಾಕು. ತೆರೆದಾಗ ಮುನ್ನೂರೂ ಮರಳಿ ಬರುತ್ತವೆ. ಪಿಎನ್‌ಜಿ ಮತ್ತು ಜಿಫ್ ಈ ಬಗೆಯವು. ಇವು ಬಳಸುವ ಲೆಕ್ಕಾಚಾರ ಇದಕ್ಕಿಂತ ಜಾಣತನದ್ದು, ಆದರೆ ತತ್ವ ಇದೇ. ಟಿಫ್ ಫೈಲನ್ನೂ ಸಾಮಾನ್ಯವಾಗಿ ಹೀಗೆಯೇ ಉಳಿಸುತ್ತಾರೆ.

ಎರಡನೆಯ ದಾರಿಯಲ್ಲಿ ಕಣ್ಣಿಗೆ ಅಷ್ಟಾಗಿ ಕಾಣದ ವಿವರಗಳನ್ನು ಬಿಟ್ಟುಬಿಡಲಾಗುತ್ತದೆ. ಫೈಲು ಬಹಳ ಚಿಕ್ಕದಾಗುತ್ತದೆ. ಆದರೆ ಬಿಟ್ಟದ್ದು ಮರಳಿ ಬಾರದು. ಜೆಪೆಗ್ ಈ ಬಗೆಯದು. ನಾವು ಮೊಬೈಲಿನಲ್ಲಿ ನೋಡುವ ಫೋಟೊಗಳಲ್ಲಿ ಹೆಚ್ಚಿನವು ಜೆಪೆಗ್ ಆಗಿರುವುದರಿಂದ ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ಬೆಂಗಳೂರಿನವರ ಲೆಕ್ಕ

ಜೆಪೆಗ್ ಎಂಬುದು ಅದನ್ನು ರೂಪಿಸಿದ ತಜ್ಞರ ಸಮಿತಿಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಆದ ಪದ. ಈ ಮಾನದಂಡ 1992ರಲ್ಲಿ ಬಂತು. ಆದರೆ ಅದರ ಹೃದಯದಂತಿರುವ ಗಣಿತವನ್ನು ಯೋಚಿಸಿದವರು ಕನ್ನಡ ನಾಡಿನಲ್ಲಿ ಹುಟ್ಟಿದವರು ಎಂಬುದು ನಮ್ಮಲ್ಲಿ ಹಲವರಿಗೆ ತಿಳಿದಿಲ್ಲ. ಅವರ ಹೆಸರು ನಾಸಿರ್ ಅಹಮದ್. 1940ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಅವರು 1961ರಲ್ಲಿ ಅಲ್ಲಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪದವಿ ಮುಗಿಸಿ, ಹೆಚ್ಚಿನ ಓದಿಗಾಗಿ ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯಕ್ಕೆ ಹೋದರು. ಅನಂತರ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

1972ರಲ್ಲಿ ಅವರು ಈ ವಿಚಾರದ ಮೇಲೆ ಸಂಶೋಧನೆ ಮಾಡಲು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅರ್ಜಿ ಹಾಕಿದರು. ಹಣ ಮಂಜೂರಾಗಲಿಲ್ಲ. ಆದರೂ ಕೈಬಿಡದೆ ತಮ್ಮ ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಟೆಕ್ಸಾಸ್‌ನಲ್ಲಿದ್ದ ಮಿತ್ರ ಕೆ. ಆರ್. ರಾವ್ ಅವರೊಂದಿಗೆ ಕೆಲಸ ಮುಂದುವರಿಸಿದರು. 1974ರ ಜನವರಿಯಲ್ಲಿ ಮೂವರ ಹೆಸರಿನಲ್ಲಿ ಪ್ರಬಂಧ ಪ್ರಕಟವಾಯಿತು. ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಚಿಕ್ಕದಾಗಿ ಡಿಸಿಟಿ ಎಂಬ ಆ ವಿಧಾನದ ಮೇಲೆಯೇ ಜೆಪೆಗ್ ನಿಂತಿದೆ. ಮೊಬೈಲಿನ ವಿಡಿಯೊ, ಡಿಜಿಟಲ್ ಟಿವಿ, ಎಂಪಿ3 ಹಾಡುಗಳಲ್ಲೂ ಅದೇ ವಿಧಾನದ ಬೇರೆ ಬೇರೆ ರೂಪಗಳಿವೆ.

ಅದು ಕೆಲಸ ಮಾಡುವ ಬಗೆಯನ್ನು ಶಹಾಬಾದ್ ಕಲ್ಲಿನ ನೆಲದಿಂದ ಅರ್ಥ ಮಾಡಿಕೊಳ್ಳಬಹುದು. ಆ ಭಾಗದ ಮನೆ, ಶಾಲೆ, ರೈಲು ನಿಲ್ದಾಣಗಳಲ್ಲಿ ಬೂದುಬಣ್ಣದ ಸುಣ್ಣಕಲ್ಲಿನ ಚಪ್ಪಡಿಗಳನ್ನು ಚೌಕ ಚೌಕವಾಗಿ ಹಾಸಿರುವುದನ್ನು ಹೋದವರೆಲ್ಲ ನೋಡಿರುತ್ತಾರೆ. ಜೆಪೆಗ್ ಕೂಡ ಚಿತ್ರವನ್ನು ಮೊದಲು ಇಂಥ ಚೌಕಗಳಾಗಿ ಕತ್ತರಿಸುತ್ತದೆ. ಒಂದೊಂದು ಚೌಕದಲ್ಲಿ ಅಡ್ಡ 8, ಉದ್ದ 8, ಒಟ್ಟು 64 ಪಿಕ್ಸೆಲ್. ಆಮೇಲೆ ಪ್ರತಿ ಚೌಕಕ್ಕೂ ಪ್ರತ್ಯೇಕ ಲೆಕ್ಕ ನಡೆಯುತ್ತದೆ.

ಮೊದಲ ಹೆಜ್ಜೆಯಲ್ಲಿ ಬೆಳಕು-ಕತ್ತಲೆಯ ಪ್ರಮಾಣವನ್ನು ಬಣ್ಣದಿಂದ ಬೇರೆ ಮಾಡಲಾಗುತ್ತದೆ. ನಮ್ಮ ಕಣ್ಣು ಬೆಳಕಿನ ವ್ಯತ್ಯಾಸವನ್ನು ಗುರುತಿಸುವಷ್ಟು ಸೂಕ್ಷ್ಮವಾಗಿ ಬಣ್ಣದ ವ್ಯತ್ಯಾಸವನ್ನು ಗುರುತಿಸುವುದಿಲ್ಲ. ಆದ್ದರಿಂದ ಸಾಮಾನ್ಯವಾಗಿ ಬಣ್ಣದ ವಿವರಗಳನ್ನು ಅರ್ಧಕ್ಕೋ ಕಾಲು ಭಾಗಕ್ಕೋ ಇಳಿಸಲಾಗುತ್ತದೆ.

ಎರಡನೆಯ ಹೆಜ್ಜೆ ಡಿಸಿಟಿ. 64 ಪಿಕ್ಸೆಲ್‌ಗಳ ಬದಲು, ಆ ಚೌಕದಲ್ಲಿ ನಿಧಾನವಾಗಿ ಬದಲಾಗುವ ಛಾಯೆ ಎಷ್ಟು, ಥಟ್ಟನೆ ಬದಲಾಗುವ ಗೆರೆ-ಅಂಚುಗಳು ಎಷ್ಟು ಎಂದು ಹೇಳುವ 64 ಬೇರೆ ಅಂಕಿಗಳು ಸಿಗುತ್ತವೆ. ಇಲ್ಲಿಯ ತನಕ ಹೆಚ್ಚೇನೂ ನಷ್ಟವಾಗಿಲ್ಲ, ಅದೇ ವಿಷಯವನ್ನು ಬೇರೆ ರೀತಿಯಲ್ಲಿ ಹೇಳಿದಂತಾಯಿತು, ಅಷ್ಟೆ.

ಮೂರನೆಯ ಹೆಜ್ಜೆಯಲ್ಲಿ ನಿಜವಾದ ನಷ್ಟ. ಈ 64 ಅಂಕಿಗಳನ್ನು ನಿಗದಿತ ಸಂಖ್ಯೆಗಳಿಂದ ಭಾಗಿಸಿ, ಬಂದದ್ದನ್ನು ಹತ್ತಿರದ ಪೂರ್ಣಾಂಕಕ್ಕೆ ಸರಿಪಡಿಸಲಾಗುತ್ತದೆ. ಉದಾಹರಣೆಗೆ 47ನ್ನು 16ರಿಂದ ಭಾಗಿಸಿದರೆ 2.94, ಅಂದರೆ 3. ತೆರೆಯುವಾಗ 3ನ್ನು 16ರಿಂದ ಗುಣಿಸಿದರೆ 48. ಒಂದು ಮಾತ್ರ ವ್ಯತ್ಯಾಸ, ಚಿಂತೆಯಿಲ್ಲ. ಆದರೆ ಅಂಕಿ 5 ಇದ್ದಿದ್ದರೆ? 5ನ್ನು 16ರಿಂದ ಭಾಗಿಸಿದರೆ 0.31, ಅಂದರೆ ಸೊನ್ನೆ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. ಆ ವಿವರ ಶಾಶ್ವತವಾಗಿ ಹೋಯಿತು. ಸೂಕ್ಷ್ಮ ಗೆರೆಗಳನ್ನು ಹೇಳುವ ಅಂಕಿಗಳನ್ನು ಇನ್ನೂ ದೊಡ್ಡ ಸಂಖ್ಯೆಗಳಿಂದ ಭಾಗಿಸುವುದರಿಂದ ಮೊದಲು ಸೊನ್ನೆಯಾಗುವುದು ಅವೇ. ಕೊನೆಗೆ ಉಳಿದ ಅಂಕಿಗಳನ್ನೂ ಸೊನ್ನೆಗಳ ಸಾಲನ್ನೂ ತೊಗರಿ ಚೀಲದ ಲೆಕ್ಕದಂತೆ ಚುಟುಕಾಗಿ ಬರೆದಿಡಲಾಗುತ್ತದೆ.

ಮುಖದ ಫೋಟೊ, ಹಬ್ಬದ ಮೆರವಣಿಗೆ, ಚಂದ್ರಂಪಳ್ಳಿ ಜಲಾಶಯದ ನೋಟ - ಇಂಥ ಚಿತ್ರಗಳಲ್ಲಿ ಛಾಯೆಗಳು ಮೆಲ್ಲನೆ ಬದಲಾಗುವುದರಿಂದ ಹೋದದ್ದು ನಮಗೆ ತಿಳಿಯುವುದೇ ಇಲ್ಲ. ಅದಕ್ಕೇ ಜೆಪೆಗ್ ಇಷ್ಟು ಜನಪ್ರಿಯ. ಆದರೆ ಕಾಗದದ ಮೇಲಿನ ಬರಹದ ವಿಷಯ ಬೇರೆ.

ಒಂದು ಚುಕ್ಕಿಯ ಬೆಲೆ

ಬರಹವೆಂದರೆ ಥಟ್ಟನೆ ಬದಲಾಗುವ ಗೆರೆ-ಅಂಚುಗಳೇ. ಬಿಳಿಯ ಪಕ್ಕದಲ್ಲೇ ಕಪ್ಪು. ಜೆಪೆಗ್ ಮೊದಲು ಕೈಬಿಡುವುದು ಇಂಥ ವಿವರಗಳನ್ನೇ. ಹೆಚ್ಚು ಕುಗ್ಗಿಸಿದ ಜೆಪೆಗ್ ಪುಟವನ್ನು ಹಿಗ್ಗಿಸಿ ನೋಡಿದರೆ ಅಕ್ಷರಗಳ ಸುತ್ತ ಬೂದಿ ಚೆಲ್ಲಿದಂಥ ಕಲೆಗಳು, ಚೌಕ ಚೌಕವಾದ ಗುರುತುಗಳು ಕಾಣುತ್ತವೆ.

ಕನ್ನಡದಲ್ಲಿ ‘ದ’ ಮತ್ತು ‘ಧ’ ಅಕ್ಷರಗಳ ನಡುವೆ ಇರುವ ವ್ಯತ್ಯಾಸ ಕೆಳಗಿನ ಒಂದು ಪುಟ್ಟ ಸೀಳು. ‘ಬ’ ಮತ್ತು ‘ಭ’, ‘ಡ’ ಮತ್ತು ‘ಢ’ ಕೂಡ ಹಾಗೆಯೇ. ಕಲಬುರಗಿ ಭಾಗದ ದಾಖಲೆಗಳಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಆ ಪ್ರದೇಶ 1948ರ ಸೆಪ್ಟೆಂಬರ್ 17ರ ತನಕ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಆದ್ದರಿಂದ ಅಲ್ಲಿನ ಹಳೆಯ ಜಮೀನು ಕಾಗದ, ಶಾಲಾ ದಾಖಲೆಗಳಲ್ಲಿ ಉರ್ದು ಬರಹ ಬಹಳ. ಉರ್ದು ಲಿಪಿಯಲ್ಲಿ ಚುಕ್ಕಿಯೇ ಪ್ರಾಣ. ಒಂದೇ ಆಕಾರದ ಅಕ್ಷರದ ಕೆಳಗೆ ಒಂದು ಚುಕ್ಕಿ ಇಟ್ಟರೆ ‘ಬೇ’, ಮೂರು ಇಟ್ಟರೆ ‘ಪೇ’, ಮೇಲೆ ಎರಡು ಇಟ್ಟರೆ ‘ತೇ’. ಅಂಕಿಗಳಲ್ಲಂತೂ ಸೊನ್ನೆಯೆಂದರೆ ಬರೇ ಒಂದು ಚುಕ್ಕಿ. ಐವತ್ತರ ಪಕ್ಕದ ಚುಕ್ಕಿ ಅಳಿಸಿಹೋದರೆ ಉಳಿಯುವುದು ಐದು. ಎರಡು ಮತ್ತು ಮೂರರ ನಡುವಿನ ವ್ಯತ್ಯಾಸ ಒಂದು ಪುಟ್ಟ ಹಲ್ಲು ಮಾತ್ರ. ಸರ್ವೆ ನಂಬರಿನಲ್ಲೋ ಎಕರೆ-ಗುಂಟೆಯಲ್ಲೋ ಇಂಥ ತಪ್ಪು ನುಸುಳಿದರೆ ಏನಾದೀತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇದನ್ನೂ ಲೆಕ್ಕದಲ್ಲಿ ನೋಡೋಣ. ಎ4 ಹಾಳೆಯನ್ನು ಇಂಚಿಗೆ 300 ಚುಕ್ಕಿಯಂತೆ ಸ್ಕ್ಯಾನ್ ಮಾಡಿದರೆ 2480 ಅಡ್ಡ, 3508 ಉದ್ದದ ಚಿತ್ರ ಬರುತ್ತದೆ. ಅದರಲ್ಲಿ ಅರ್ಧ ಮಿಲಿಮೀಟರ್‌ನ ಶಾಯಿ ಚುಕ್ಕಿಗೆ ಅಡ್ಡಕ್ಕೆ ಸುಮಾರು ಆರು ಪಿಕ್ಸೆಲ್ ಸಿಗುತ್ತದೆ. ಅದೇ ಪುಟವನ್ನು ಉದ್ದಕ್ಕೆ 1600 ಪಿಕ್ಸೆಲ್‌ಗೆ ಇಳಿಸಿದರೆ ಆ ಚುಕ್ಕಿಗೆ ಮೂರು ಪಿಕ್ಸೆಲ್ ಕೂಡ ಪೂರ್ತಿ ಸಿಗುವುದಿಲ್ಲ. ಪುಸ್ತಕದ ಪುಟ ದೊಡ್ಡದಾದಷ್ಟೂ ಇದು ಇನ್ನೂ ಕಡಿಮೆ. ಅದರ ಮೇಲೆ ಜೆಪೆಗ್‌ನ ಭಾಗಾಕಾರವೂ ಸೇರಿದರೆ ಚುಕ್ಕಿ ಇತ್ತೇ, ಅದು ಕಾಗದದ ಕಲೆಯೇ ಎಂದು ಹೇಳುವುದು ಕಷ್ಟ.

ಕಳುಹಿಸುವಾಗ ಆಗುವ ನಷ್ಟ

ವಾಟ್ಸಾಪ್‌ನಲ್ಲಿ ಫೋಟೊವನ್ನು ಸಾಮಾನ್ಯ ರೀತಿಯಲ್ಲಿ ಕಳುಹಿಸಿದರೆ ಅದು ಚಿತ್ರದ ಅಳತೆಯನ್ನೂ ಇಳಿಸುತ್ತದೆ, ಮತ್ತೊಮ್ಮೆ ಜೆಪೆಗ್ ಆಗಿ ಕುಗ್ಗಿಸುತ್ತದೆ. 2023ರಲ್ಲಿ ಎಚ್‌ಡಿ ಆಯ್ಕೆ ಬಂತು. ಅದು ಮೊದಲಿಗಿಂತ ಉತ್ತಮ, ಆದರೂ ಮೂಲ ಫೈಲು ಹಾಗೆಯೇ ಹೋಗುವುದಿಲ್ಲ. ಮೂಲ ಫೈಲೇ ಹೋಗಬೇಕಾದರೆ ಫೋಟೊ ಎಂದು ಆರಿಸದೆ ‘ಡಾಕ್ಯುಮೆಂಟ್’ ಎಂದು ಆರಿಸಿ ಕಳುಹಿಸಬೇಕು, ಇಲ್ಲವೆ ಇಮೇಲಿಗೆ ಲಗತ್ತಿಸಬೇಕು.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ನಿವಾರಿಸಬೇಕು. ಫೈಲನ್ನು ಪೆನ್‌ಡ್ರೈವ್‌ಗೆ ಎಷ್ಟು ಸಲ ನಕಲು ಮಾಡಿದರೂ ಚಿತ್ರ ಕೆಡುವುದಿಲ್ಲ. ತೆರೆದು ನೋಡಿದರೂ ಕೆಡುವುದಿಲ್ಲ. ಕೆಡುವುದು ತೆರೆದು, ಅಂಚು ಕತ್ತರಿಸಿ, ಬಣ್ಣ ತಿದ್ದಿ, ಮತ್ತೆ ಜೆಪೆಗ್ ಆಗಿಯೇ ಉಳಿಸಿದಾಗ. ಹಾಗೆ ಮಾಡಿದಷ್ಟು ಸಲವೂ ಚೌಕಗಳ ಲೆಕ್ಕ ಹೊಸದಾಗಿ ನಡೆದು ನಷ್ಟ ಬೆಳೆಯುತ್ತಾ ಹೋಗುತ್ತದೆ. ಜೆರಾಕ್ಸ್ ಪ್ರತಿಯ ಜೆರಾಕ್ಸ್, ಅದರ ಜೆರಾಕ್ಸ್ ತೆಗೆದಂತೆ.

ಅರ್ಜಿ ಹಾಕುವಾಗ 50 ಕೆಬಿಯೊಳಗಿನ ಭಾವಚಿತ್ರ, 200 ಕೆಬಿಯೊಳಗಿನ ದಾಖಲೆ ಎಂಬಂಥ ನಿಬಂಧನೆಗಳಿರುತ್ತವೆ. ಸೈಬರ್ ಕೇಂದ್ರದಲ್ಲಿ ಅದಕ್ಕೆ ತಕ್ಕಂತೆ ಕುಗ್ಗಿಸಿ, ಅದೇ ಹೆಸರಿನಲ್ಲಿ ಉಳಿಸಿ, ದೊಡ್ಡ ಫೈಲನ್ನು ಅಳಿಸಿಬಿಡುವುದುಂಟು. ಅರ್ಜಿಗೆ ಚಿಕ್ಕ ಪ್ರತಿ ಬೇಕು ನಿಜ, ಆದರೆ ಮೂಲವನ್ನು ಮುಟ್ಟಬಾರದು.

ಅಂಕಿಯೇ ಬದಲಾದ ಪ್ರಸಂಗ

ಮಸುಕಾದ ಅಕ್ಷರವಾದರೆ ಕನಿಷ್ಠ ಸಂಶಯವಾದರೂ ಬರುತ್ತದೆ. ಸ್ಪಷ್ಟವಾಗಿ ಕಾಣುವ ತಪ್ಪು ಇನ್ನೂ ಅಪಾಯಕಾರಿ. 2013ರ ಆಗಸ್ಟ್‌ನಲ್ಲಿ ಜರ್ಮನಿಯ ಕಂಪ್ಯೂಟರ್ ತಜ್ಞ ಡೇವಿಡ್ ಕ್ರೀಸೆಲ್ ಒಂದು ಆಶ್ಚರ್ಯಕರ ಸಂಗತಿಯನ್ನು ಹೊರಗೆಡಹಿದರು. ಜೆರಾಕ್ಸ್ ಕಂಪೆನಿಯ ಕೆಲವು ವರ್ಕ್‌ಸೆಂಟರ್ ಯಂತ್ರಗಳಲ್ಲಿ ಕಟ್ಟಡದ ನಕ್ಷೆಯನ್ನು ಸ್ಕ್ಯಾನ್ ಮಾಡಿದಾಗ ಬೇರೆ ಬೇರೆ ಕೋಣೆಗಳ ವಿಸ್ತೀರ್ಣ ಒಂದೇ ಆಗಿ ಬಂದಿತ್ತು. ಬೇರೆ ಕಾಗದಗಳಲ್ಲಿ 6 ಇದ್ದಲ್ಲಿ 8 ಬಂದಿತ್ತು.

ಆ ಯಂತ್ರಗಳು ಬಳಸಿದ್ದು ಜೆಬಿಗ್2 ಎಂಬ ಕುಗ್ಗಿಸುವ ಕ್ರಮವನ್ನು. ಪುಟದಲ್ಲಿ ಒಂದೇ ರೀತಿ ಕಾಣುವ ಅಕ್ಷರಗಳಿದ್ದರೆ ಒಂದನ್ನು ಮಾತ್ರ ಇಟ್ಟುಕೊಂಡು ಉಳಿದ ಕಡೆ ಅದನ್ನೇ ಅಂಟಿಸುವುದು ಅದರ ಜಾಣ್ಮೆ. ಚಿಕ್ಕದಾಗಿ ಮುದ್ರಿಸಿದ 6 ಮತ್ತು 8 ಯಂತ್ರಕ್ಕೆ ಒಂದೇ ಎಂದು ತೋರಿದಾಗ ಅದು 6ರ ಜಾಗದಲ್ಲಿ 8ನ್ನು ಅಂಟಿಸಿತು. ಅಂಟಿಸಿದ ಅಂಕಿ ಸ್ವಚ್ಛವಾಗಿಯೇ ಇತ್ತು, ಆದ್ದರಿಂದ ಯಾರಿಗೂ ಸಂಶಯ ಬರಲಿಲ್ಲ. ಕಂಪೆನಿ ಅನಂತರ ಇದನ್ನು ಸರಿಪಡಿಸುವ ತಂತ್ರಾಂಶವನ್ನು ಬಿಡುಗಡೆ ಮಾಡಿತು. ಇದರಿಂದ ನಾವು ಕಲಿಯಬೇಕಾದದ್ದು ಇಷ್ಟು: ಸ್ಕ್ಯಾನ್ ಮಾಡಿದ್ದೇ ಮೂಲವಲ್ಲ. ಕಂಪ್ಯೂಟರಿಗೆ ಏರಿಸಿದ್ದಾಯಿತೆಂದು ಹಳೆಯ ಪುಸ್ತಕವನ್ನು ಎಂದೂ ಎಸೆಯಬಾರದು.

ಯಾವುದಕ್ಕೆ ಯಾವ ಫೈಲು?

ಜೆಪೆಗ್: ಜನರ, ಸಮಾರಂಭಗಳ ಫೋಟೊಗಳಿಗೆ ಉತ್ತಮ. ದಾಖಲೆಗೆ ಬಳಸಲೇಬೇಕಾದರೆ ಗುಣಮಟ್ಟವನ್ನು ಅತಿ ಹೆಚ್ಚಿಗೆ ಇಟ್ಟು ಒಂದೇ ಸಲ ಉಳಿಸಬೇಕು.

ಜಿಫ್: 1987ರಲ್ಲಿ ಕಂಪ್ಯುಸರ್ವ್ ಕಂಪೆನಿ ಹೊರತಂದದ್ದು. 256 ಬಣ್ಣಗಳಷ್ಟೇ ಹಿಡಿಸುವುದರಿಂದ ಫೋಟೊಗಳಿಗಾಗಲಿ ಹಳೆಯ ಪುಟಗಳಿಗಾಗಲಿ ತಕ್ಕುದಲ್ಲ. ಈಗ ಹೆಚ್ಚಾಗಿ ಚಲಿಸುವ ಚಿಕ್ಕ ಚಿತ್ರಗಳಿಗೆ ಬಳಕೆಯಾಗುತ್ತದೆ.

ಪಿಎನ್‌ಜಿ: ಜಿಫ್‌ನ ಲೆಕ್ಕಾಚಾರಕ್ಕೆ ಪೇಟೆಂಟ್ ಶುಲ್ಕದ ತಕರಾರು ಬಂದಾಗ, ಯಾರ ಹಂಗೂ ಇಲ್ಲದಂತೆ ತಜ್ಞರು ಕೂಡಿ 1995ರಿಂದ ರೂಪಿಸಿದ್ದು. 1996ರಲ್ಲಿ ಅಧಿಕೃತವಾಯಿತು. ನಷ್ಟವಿಲ್ಲದೆ ಕುಗ್ಗಿಸುತ್ತದೆ. ನಕ್ಷೆ, ಲಾಂಛನ, ಅಕ್ಷರವಿರುವ ಚಿತ್ರಗಳಿಗೆ ಯೋಗ್ಯ.

ಟಿಫ್: 1986ರಿಂದ ಇರುವ ಹಳೆಯ ನಂಬುಗೆಯ ಕ್ರಮ. ದಾಖಲಾಗಾರ, ಗ್ರಂಥಾಲಯಗಳಲ್ಲಿ ಮೂಲ ಪ್ರತಿ ಉಳಿಸಲು ಇದನ್ನು ಬಳಸುತ್ತಾರೆ. ಎ4 ಬಣ್ಣದ ಪುಟವೊಂದಕ್ಕೆ ಕುಗ್ಗಿಸದಿದ್ದರೆ ಸುಮಾರು 26 ಎಂಬಿ ಬೇಕು. ನಷ್ಟವಿಲ್ಲದಂತೆ ಕುಗ್ಗಿಸಿದರೆ ಇನ್ನೂ ಕಡಿಮೆ.

ಜೆಪೆಗ್ 2000: ಹೆಸರು ಹೋಲುತ್ತದೆ, ಗಣಿತ ಬೇರೆ. ಚೌಕಗಳ ಬದಲು ವೇವ್‌ಲೆಟ್ ಎಂಬ ವಿಧಾನ. ನಷ್ಟವಿಲ್ಲದೆಯೂ ಉಳಿಸಬಹುದು. ಆಧಾರ್ ಪತ್ರದ ಕ್ಯೂಆರ್ ಚೌಕದೊಳಗೆ ಅಡಗಿರುವ ನಮ್ಮ ಭಾವಚಿತ್ರ ಈ ಕ್ರಮದ್ದು.

ಎಚ್ಇಐಸಿ: 2017ರಿಂದ ಐಫೋನ್‌ಗಳು ಬಳಸುವ ಕ್ರಮ. ಜಾಗ ಕಡಿಮೆ ಸಾಕು, ಆದರೆ ಹಳೆಯ ಕಂಪ್ಯೂಟರುಗಳಲ್ಲಿ ತೆರೆಯುವುದಿಲ್ಲ. ಕಳುಹಿಸುವ ಮೊದಲು ಇದನ್ನು ಗಮನಿಸಬೇಕು.

ಪಿಡಿಎಫ್: ಇದು ಚಿತ್ರದ ಕ್ರಮವಲ್ಲ, ಒಂದು ಚೀಲವಿದ್ದಂತೆ. ಒಳಗೆ ತುಂಬಿದ್ದು ಜೆಪೆಗ್ ಆಗಿರಬಹುದು, ನಷ್ಟವಿಲ್ಲದ ಚಿತ್ರವೂ ಆಗಿರಬಹುದು. ಪಿಡಿಎಫ್ ಮಾಡಿದ ಮಾತ್ರಕ್ಕೆ ದಾಖಲೆ ಭದ್ರವಾಯಿತೆಂದು ತಿಳಿಯಬಾರದು.

ಧರ್ಮಕೇಂದ್ರದ ಪುಸ್ತಕಗಳು

ಧರ್ಮಸಭೆಯ ಕಾನೂನಿನ 535ನೇ ವಿಧಿ ಪ್ರತಿ ಧರ್ಮಕೇಂದ್ರವೂ ದೀಕ್ಷಾಸ್ನಾನ, ವಿವಾಹ, ಮರಣದ ಪುಸ್ತಕಗಳನ್ನು ಇಡಬೇಕೆಂದು ಹೇಳುತ್ತದೆ. ದೀಕ್ಷಾಸ್ನಾನದ ನಮೂದಿನ ಪಕ್ಕದಲ್ಲೇ ದೃಢೀಕರಣ, ವಿವಾಹಗಳ ವಿವರವನ್ನೂ ಬರೆಯಬೇಕು. ಈ ಪಕ್ಕದ ಟಿಪ್ಪಣಿ ಬಹು ಮುಖ್ಯ. ವಾಡಿಯಲ್ಲೋ ಶಹಾಬಾದಿನಲ್ಲೋ ದೀಕ್ಷಾಸ್ನಾನ ಪಡೆದವರು ಕರಾವಳಿಯಲ್ಲಿ ಮದುವೆಯಾದರೆ ಆ ಸುದ್ದಿ ಮರಳಿ ಮೂಲ ಪುಸ್ತಕದ ಅಂಚಿಗೆ ಸೇರುತ್ತದೆ.

ಅಂಚಿನ ಈ ಟಿಪ್ಪಣಿಗಳು ಹಲವು ವರ್ಷಗಳ ಬಳಿಕ ಬೇರೊಬ್ಬರು ಬೇರೆ ಶಾಯಿಯಲ್ಲಿ, ಕೆಲವೊಮ್ಮೆ ಚಿಕ್ಕ ಅಕ್ಷರದಲ್ಲಿ ಬರೆದವು. ಮೊಬೈಲಿನ ಸ್ಕ್ಯಾನ್ ಆ್ಯಪ್‌ಗಳಲ್ಲಿ ‘ಕಪ್ಪು-ಬಿಳುಪು’ ಎಂಬ ಆಯ್ಕೆ ಒತ್ತಿದರೆ ಹಾಳೆ ಬೆಳ್ಳಗೆ, ಅಕ್ಷರ ಕಪ್ಪಗೆ, ನೋಡಲು ಬಲು ಚೆಂದ. ಆದರೆ ಅದು ತಿಳಿಯಾದ ಶಾಯಿಯನ್ನೂ ಪೆನ್ಸಿಲ್ ಗುರುತನ್ನೂ ಕಾಗದದ ಕೊಳೆಯೆಂದೇ ತಿಳಿದು ಅಳಿಸಿಬಿಡಬಹುದು. ಹಳೆಯ ಪುಸ್ತಕವನ್ನು ಬಣ್ಣದಲ್ಲಿಯೇ ತೆಗೆಯುವುದು ಒಳ್ಳೆಯದು.

ಸರಕಾರವೂ ಈ ಕೆಲಸದಲ್ಲಿ ತೊಡಗಿದೆ. ತಾಲ್ಲೂಕು ಕಚೇರಿಗಳ ದಾಖಲೆ ಕೋಣೆಯ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆ ಕರ್ನಾಟಕದಲ್ಲಿ 2024ರಲ್ಲಿ ಆರಂಭವಾಯಿತು. ನಮ್ಮ ಧರ್ಮಕೇಂದ್ರಗಳಲ್ಲೂ ಈ ಕೆಲಸಕ್ಕೆ ಮುಂದಾಗುವವರು ಈ ಕೆಳಗಿನ ಅಂಶಗಳನ್ನು ಪಾಲಿಸಬಹುದು:

1. ಧರ್ಮಕೇಂದ್ರದ ಗುರುಗಳ ಅನುಮತಿ ಮೊದಲು. ಒಂದು ಪುಟದಲ್ಲಿ ಹಲವು ಕುಟುಂಬಗಳ ವಿವರ ಇರುತ್ತದೆ. ಅದನ್ನು ವಾಟ್ಸಾಪ್ ಗುಂಪಿಗೆ ಹಾಕುವುದು ಸಲ್ಲದು.

2. ಸ್ಕ್ಯಾನರ್ ಇದ್ದರೆ ಇಂಚಿಗೆ 300 ಚುಕ್ಕಿ ಕನಿಷ್ಠ. ಅಕ್ಷರ ಸಣ್ಣದಿದ್ದರೆ, ಉರ್ದು ಬರಹವಿದ್ದರೆ 400 ಅಥವಾ 600. ಉಳಿಸುವುದು ಟಿಫ್ ಅಥವಾ ಪಿಎನ್‌ಜಿಯಲ್ಲಿ.

3. ಮೊಬೈಲೇ ಗತಿಯಾದರೆ ಕಿಟಕಿಯ ಹಗಲು ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ, ನೇರ ಮೇಲಿನಿಂದ, ಅತಿ ದೊಡ್ಡ ಅಳತೆಯಲ್ಲಿ ತೆಗೆಯಿರಿ. ದೊಡ್ಡ ಪುಟವಾದರೆ ಎರಡು ಭಾಗವಾಗಿ ತೆಗೆಯಿರಿ.

4. ಮೊದಲು ಬಂದ ಫೈಲನ್ನು ತಿದ್ದಬೇಡಿ. ಅದಕ್ಕೆ ಊರು, ಪುಸ್ತಕ, ಇಸವಿ, ಪುಟ ತಿಳಿಯುವಂತೆ ಹೆಸರಿಟ್ಟು ಪ್ರತ್ಯೇಕ ಕಡತದಲ್ಲಿ ಇಡಿ. ತಿದ್ದುವುದು, ಕುಗ್ಗಿಸುವುದು ಏನಿದ್ದರೂ ನಕಲಿನ ಮೇಲೆ.

5. ತೆಗೆದ ಕೂಡಲೇ ಹಿಗ್ಗಿಸಿ ಓದಿ, ಪುಸ್ತಕದೊಂದಿಗೆ ತಾಳೆ ನೋಡಿ. ಪುಸ್ತಕ ಕಪಾಟಿಗೆ ಹೋದ ಮೇಲೆ ಮತ್ತೆ ತೆಗೆಸುವುದು ಸುಲಭವಲ್ಲ.

6. ಎರಡು ಬೇರೆ ಬೇರೆ ಕಡೆ ಪ್ರತಿ ಇಡಿ. ಒಂದೇ ಕಂಪ್ಯೂಟರಿನಲ್ಲಿ ಎರಡು ಪ್ರತಿ ಇದ್ದರೆ ಅದು ಒಂದೇ ಪ್ರತಿಯ ಲೆಕ್ಕ.

ಸನ್ನತಿಯ ಕಲ್ಲು ಹೇಳುವ ಪಾಠ

ಚಿತ್ತಾಪುರ ತಾಲ್ಲೂಕಿನಲ್ಲಿ ಭೀಮಾ ನದಿಯ ದಡದ ಮೇಲೆ ಸನ್ನತಿ ಎಂಬ ಊರಿದೆ. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಕಾಳಿ ಗುಡಿಯ ಮಾಡು ಕುಸಿದಾಗ, ವಿಗ್ರಹದ ಪೀಠವಾಗಿದ್ದ ಕಲ್ಲಿನ ಮೇಲೆ ಸಾಮ್ರಾಟ ಅಶೋಕನ ಶಾಸನಗಳು ಬೆಳಕಿಗೆ ಬಂದವು. ಹಿಂದೆ ಯಾವುದೋ ಕಾಲದಲ್ಲಿ ವಿಗ್ರಹ ನಿಲ್ಲಿಸಲೆಂದು ಆ ಚಪ್ಪಡಿಯನ್ನು ಕೊರೆದಿದ್ದರಿಂದ ಬರಹದ ಒಂದು ಭಾಗ ಹೋಗಿಬಿಟ್ಟಿತ್ತು. ಕೊರೆದವರಿಗೆ ಅದು ಬರೇ ಕಲ್ಲು.

ಆದರೂ ಹೋದ ಸಾಲುಗಳಲ್ಲಿ ಏನಿದ್ದಿರಬಹುದೆಂದು ವಿದ್ವಾಂಸರು ಊಹಿಸಬಲ್ಲವರಾದರು. ಕಾರಣ, ಸನ್ನತಿಯಲ್ಲಿ ಸಿಕ್ಕ ಪ್ರತ್ಯೇಕ ಶಾಸನಗಳ ಪಾಠ ದೂರದ ಒಡಿಶಾದ ಧೌಲಿ ಮತ್ತು ಜೌಗಡ ಎಂಬಲ್ಲಿಯೂ ಬಂಡೆಯ ಮೇಲೆ ಇದೆ. ಒಂದು ಕಡೆ ಅಳಿದದ್ದನ್ನು ಇನ್ನೊಂದು ಕಡೆಯ ಪ್ರತಿ ಕಾಪಾಡಿತು. ಅಶೋಕ ಚಕ್ರವರ್ತಿಯ ಶಾಸನಕ್ಕೆ ಹಲವು ಪ್ರತಿಗಳಿದ್ದವು. ಚಿಂಚೋಳಿಯ ಕೂಲಿಕಾರನ ಮಗಳ ಹೆಸರಿರುವ ಪುಟಕ್ಕೆ ಇರುವುದು ಒಂದೇ ಪ್ರತಿ. ಅದರಿಂದ ತೆಗೆಯುವ ಚಿತ್ರ ಎರಡನೆಯದಾಗಬೇಕು. ಆ ಚಿತ್ರದಲ್ಲಿ ಹೆಸರಿನ ಚುಕ್ಕಿಯೂ ಅಂಚಿನ ಟಿಪ್ಪಣಿಯೂ ಉಳಿದಿರಬೇಕು. ಕೆಲವು ಎಂಬಿ ಜಾಗ ಉಳಿಸಲು ಅವನ್ನು ಬಿಟ್ಟುಕೊಡುವುದು ಬೇಡ.